ಮೂರಕ್ಕೆ ಎಷ್ಟು?

“ನೂರಕ್ಕೆ ಮೂವತ್ತೈದು ತೆಗೆದವ ಪಾಸಾಗಬಹುದು, ಸರಿ. ಆದರೆ ಗೆಲ್ಲುದು ಹೇಗೆ?”

ಎಡ್ವಿನ್ ಸರ್ ಈ ಪ್ರಶ್ನೆ ಕೇಳಿದ್ದು ಯಾರನ್ನೂ ಅಲ್ಲ. ಚರ್ಚಿನಲ್ಲಿ ಆದಿತ್ಯವಾರದ ಬಲಿಪೂಜೆ ಮುಗಿಸಿ ಬಂದು, ಬಿಜೈಯಲ್ಲಿರುವ ತಮ್ಮ ಫ್ಲ್ಯಾಟಿನ ಬಾಲ್ಕನಿಯಲ್ಲಿ ಕೂತು, ಎದುರಿನ ತೆಂಗಿನಮರವನ್ನು ನೋಡುತ್ತಾ ಕೇಳಿದ್ದರು. ಯಾವ ದೇಶ ತನ್ನ ಪಾರ್ಲಿಮೆಂಟನ್ನು ಹೇಗೆ ಆರಿಸುತ್ತದೆ ಎಂಬುದನ್ನು ಕಾಲೇಜಿನಲ್ಲಿ ಆಯುಷ್ಯವಿಡೀ ಕಲಿಸಿದವರು ಅವರು. ನಿವೃತ್ತರಾದ ಮೇಲೆ ಆ ಪಾಠ ಕೇಳುವವರು ಯಾರೂ ಇಲ್ಲದೆ ತೆಂಗಿನಮರಕ್ಕೆ ಹಾಜರಿ ಬಿದ್ದಿತ್ತು. ನಮ್ಮಲ್ಲಿ ಅರುವತ್ತೈದು ಮಂದಿಗೆ ಬೇಡವಾದವನೂ ಲೋಕಸಭೆಗೆ ಹೋಗಿ ಕೂರಬಹುದಲ್ಲ ಎಂಬುದು ಅವರ ಗಂಟಲಲ್ಲಿ ಬಹುಕಾಲದಿಂದ ಸಿಕ್ಕಿಕೊಂಡ ಮೀನಿನ ಮುಳ್ಳು.

ಪಕ್ಕದ ಬಾಲ್ಕನಿಯಲ್ಲಿ ಹಪ್ಪಳ ಒಣಗಿಸುತ್ತಿದ್ದ ಕುಶಲಕ್ಕನ ಕಿವಿಗೆ ಲೋಕಸಭೆ ಬೀಳಲಿಲ್ಲ. ಮೂವತ್ತೈದು ಮಾತ್ರ ಬಿತ್ತು. ಇಪ್ಪತ್ತು ಮನೆಗಳ ಆ ಕಟ್ಟಡದಲ್ಲಿ ಏಳೇ ಓಟು ಪಡೆದು ಕಳೆದ ವರ್ಷ ಅಸೋಸಿಯೇಶನ್ ಅಧ್ಯಕ್ಷನಾದವನು ಸ್ಪೇರ್‌ಪಾರ್ಟ್ಸ್ ಅಂಗಡಿಯ ಗುಣಪಾಲ. ಉಳಿದ ಹದಿಮೂರು ಓಟು ಮೂವರಲ್ಲಿ ಹಂಚಿಹೋಗಿ ಚಿಲ್ಲರೆಯಾಗಿದ್ದವು. ಕುಶಲಕ್ಕ ಹಪ್ಪಳವನ್ನು ಅರ್ಧಕ್ಕೇ ಬಿಟ್ಟು ಕೆಳಗಿಳಿದಳು. ಕಾಫಿ ಆರುವುದರೊಳಗೆ, ಗುಣಪಾಲ ಗೆದ್ದದ್ದೇ ಮೋಸ ಎಂದು ಎಡ್ವಿನ್ ಸರ್ ಕಾನೂನು ತೆಗೆದು ತೋರಿಸಿದ್ದಾರೆ ಎಂಬಲ್ಲಿಗೆ ಸುದ್ದಿ ಬೆಳೆದಿತ್ತು. ಆ ದಿನವೇ ವಾರ್ಷಿಕ ಸಭೆ, ಚುನಾವಣೆ, ಊಟ. ಸುದ್ದಿಗೆ ಅದಕ್ಕಿಂತ ಒಳ್ಳೆಯ ಮುಹೂರ್ತ ಇರಲಿಲ್ಲ.

ಗುಣಪಾಲನೇ ಮೆಟ್ಟಿಲು ಹತ್ತಿ ಬಂದ. ಜಗಳಕ್ಕೆ ಬರುವಾಗಲೂ ಮದುವೆಗೆ ಕರೆಯಲು ಬಂದವನ ಹಾಗೆ ನಗುವುದು ಅವನ ಕ್ರಮ.

“ನನ್ನದು ಮೋಸ ಅಂತಾದ್ರೆ ಈ ಸರ್ತಿ ನೀವೇ ಇಲೆಕ್ಷನ್ ಮಾಡಿಸಿ ಸರ್. ಯಾವ ದೇಶದ್ದು ಬೇಕಾದ್ರೂ ಮಾಡಿ, ನಂಗೆ ಎಂತ ತೊಂದ್ರೆ ಇಲ್ಲ.”

ಬೇರೆ ದಿನವಾದರೆ ಎಡ್ವಿನ್ ಸರ್ ಬೇಡವೆನ್ನುತ್ತಿದ್ದರು. ಆದರೆ ಕಟ್ಟಡಕ್ಕೆ ಹೊಸ ಜನರೇಟರ್ ಬರುವುದಿತ್ತು. ಅದನ್ನಿಡಲು ಇದ್ದದ್ದು ಎರಡೇ ಜಾಗ. ಒಂದು, ಹಿಂದಿನ ಗೋಡೆಯ ಬದಿ. ಅಲ್ಲಿ ಗುಣಪಾಲನ ಅಡುಗೆಮನೆ. ಇನ್ನೊಂದು, ಎಡ್ವಿನ್ ಸರ್ ಮಲಗುವ ಕೋಣೆಯ ಕಿಟಕಿಯ ಕೆಳಗೆ. ನಿರ್ಧಾರ ಅಧ್ಯಕ್ಷರದ್ದು. ಈ ಸಲ ಗುಣಪಾಲನೆದುರು ನಿಂತ ಶಹನಾಝ್ ಟೀಚರ್ ಹಿಂದಿನ ಗೋಡೆಯೇ ಎಂದು ಮಾತು ಕೊಟ್ಟಿದ್ದರು. ಹೀಗಾಗಿ ಪ್ರಜಾಪ್ರಭುತ್ವವನ್ನೂ ತಮ್ಮ ನಿದ್ರೆಯನ್ನೂ ಒಟ್ಟಿಗೆ ಕಾಪಾಡುವ ಭಾರ ಎಡ್ವಿನ್ ಸರ್ ಹೆಗಲಿಗೆ ಬಿತ್ತು.

ಸಭೆ ಕೆಳಗಿನ ಪಾರ್ಕಿಂಗಿನಲ್ಲಿ. ಸರ್ ಮಾತಿಗೆ ನಿಂತರು. ಎಷ್ಟೋ ವರ್ಷ ಪಾತ್ರ ಸಿಗದ ತಾಳಮದ್ದಳೆಯ ಅರ್ಥಧಾರಿಯ ಕೈಗೆ ಕೃಷ್ಣ ಸಂಧಾನದ ಕೃಷ್ಣ ಸಿಕ್ಕಿದ ಹಾಗಾಯಿತು.

ಮೊದಲು ಜರ್ಮನಿ. ಪಕ್ಷಕ್ಕೆ ಸಿಕ್ಕಿದ ಮತದ ಪಾಲಿಗೆ ಸರಿಯಾಗಿ ಪಾರ್ಲಿಮೆಂಟಿನಲ್ಲಿ ಸೀಟು ಎಂದರು. ಮೂರನೆಯ ಅಭ್ಯರ್ಥಿ, ತೊಕ್ಕೊಟ್ಟಿನಲ್ಲಿ ಅಂಗಡಿಯಿರುವ ರವೂಫ್, ಇಲ್ಲಿ ಇರುವುದೊಂದೇ ಕುರ್ಚಿಯಲ್ಲವೇ ಎಂದು ವಿನಯದಿಂದ ಕೇಳಿದ. ಬೆನ್ನು ಗುಣಪಾಲರಿಗೆ, ಸೀಟು ಟೀಚರಿಗೆ, ಕಾಲು ತನಗೆ ಎಂದು ಹಂಚಿಕೊಳ್ಳುವುದಾದರೆ ತನ್ನ ಒಪ್ಪಿಗೆ ಉಂಟು ಎಂದ. ಜರ್ಮನಿ ಅಲ್ಲಿಗೆ ಮುಗಿಯಿತು.

ಆಮೇಲೆ ಫ್ರಾನ್ಸ್. ಯಾರಿಗೂ ಅರ್ಧಕ್ಕಿಂತ ಹೆಚ್ಚು ಸಿಗದಿದ್ದರೆ ಮುಂದೆ ಇರುವವರನ್ನಷ್ಟೇ ಇಟ್ಟು ಮುಂದಿನ ವಾರ ಎರಡನೆಯ ಸುತ್ತು ಎಂದರು. ಆ ಸುತ್ತಿಗೂ ಊಟ ಉಂಟಾ ಎಂದು ಹಿಂದಿನ ಸಾಲು ಕೇಳಿತು. ಇಲ್ಲವೆಂದು ತಿಳಿದ ಮೇಲೆ ಫ್ರಾನ್ಸಿಗೆ ಒಬ್ಬರೂ ಕೈ ಎತ್ತಲಿಲ್ಲ.

ಉಳಿದದ್ದು ಆಸ್ಟ್ರೇಲಿಯ. ಒಂದೇ ಚೀಟಿ, ಅದರಲ್ಲಿ ಎಲ್ಲ ಹೆಸರಿನ ಎದುರೂ ಒಂದು, ಎರಡು, ಮೂರು ಎಂದು ಬರೆಯುವುದು. ಯಾರಿಗೂ ಬಹುಮತ ಬಾರದಿದ್ದರೆ ಕೊನೆಯವನನ್ನು ಬಿಟ್ಟು, ಅವನ ಚೀಟಿಗಳನ್ನು ಅವುಗಳ ಮುಂದಿನ ಆಯ್ಕೆಯವರಿಗೆ ಸೇರಿಸುವುದು. ಹೀಗೆ ಗೆಲ್ಲುವವನು ಅರ್ಧಕ್ಕಿಂತ ಹೆಚ್ಚು ಜನಕ್ಕೆ ಬೇಕಾದವನೇ ಆಗಿರುತ್ತಾನೆ. ಆ ದೇಶಕ್ಕೆ ಈ ಕ್ರಮ ಬಂದದ್ದು ಹೇಗೆ, ಅಲ್ಲಿ ಓಟು ಹಾಕದಿದ್ದರೆ ದಂಡ ಏಕೆ ಎಂದು ಕತೆ ಬೆಳೆಯುತ್ತ ಹೋಯಿತು. ಅಷ್ಟರಲ್ಲಿ ಅಡುಗೆಯವರು ನೈಚೋರು ಅನ್ನದ ಪಾತ್ರೆಯ ಮುಚ್ಚಳ ತೆಗೆದರು. ತುಪ್ಪದ ಪರಿಮಳ ಪಾರ್ಕಿಂಗಿಗೆ ಬಂದ ಮೇಲೆ ಆಸ್ಟ್ರೇಲಿಯದಲ್ಲಿ ಸರ್ ಒಬ್ಬರೇ ಉಳಿದರು.

ಚೀಟಿ ಹಂಚುವಾಗ ಕುಶಲಕ್ಕ ಕೇಳಿದಳು.

“ಮೂರಕ್ಕೆ ಎಷ್ಟು ಬೇಕಾದ್ರೂ ಕೊಡ್ಬಹುದಾ ಸರ್?”

“ನಿಮ್ಮ ಮನಸ್ಸಿನ ಹಾಗೆ, ಕುಶಲಕ್ಕ. ಅದೇ ಇದರ ವಿಶೇಷ,” ಎಂದರು ಸರ್. ಪ್ರಶ್ನೆಯನ್ನು ಅವರು ಪೂರ್ತಿ ಕೇಳಿಸಿಕೊಂಡಿರಲಿಲ್ಲ. ಮನಸ್ಸು ಮೆಲ್ಬೋರ್ನಿನಲ್ಲಿತ್ತು.

ಎಣಿಕೆಗೆ ಮೊದಲು ಸರ್ ಒಂದು ನಿಯಮ ಓದಿ, ಊಟದ ಪಾತ್ರೆಯತ್ತಲೇ ಕಣ್ಣಿಟ್ಟಿದ್ದ ಮೂವರೂ ಅಭ್ಯರ್ಥಿಗಳಿಂದ ಒಪ್ಪಿಗೆ ಪಡೆದರು. ಒಂದು ಅಂದರೆ ಮೊದಲ ಆಯ್ಕೆ, ಫಲಿತಾಂಶ ಅಂತಿಮ, ಆಮೇಲೆ ಯಾರ ತಕರಾರೂ ನಡೆಯದು. ಕೊನೆಯ ಮಾತನ್ನು ಗುಣಪಾಲನ ಕಡೆ ನೋಡಿಯೇ ಹೇಳಿದರು. ಗುಣಪಾಲ ಕರ್ಚೀಫಿನಿಂದ ಕುತ್ತಿಗೆ ಒರಸಿಕೊಂಡ.

ಮೊದಲ ಚೀಟಿ ಬಿಚ್ಚಿದರು. ಗುಣಪಾಲನ ಎದುರು ಒಂದು. ಎರಡನೆಯದು, ಗುಣಪಾಲನಿಗೇ ಒಂದು. ಮೂರನೆಯದರಲ್ಲೂ ಅದೇ. ನಡುನಡುವೆ ಒಂದೊಂದು ಟೀಚರಿಗೆ ಬಂತು, ರವೂಫನಿಗೂ ಅಪರೂಪಕ್ಕೆ ಬಂತು. ಗುಣಪಾಲನಿಗೆ ಬರುವುದು ಮಾತ್ರ ಒಡೆದ ಪೈಪಿನ ನೀರಿನ ಹಾಗೆ ನಿಲ್ಲಲೇ ಇಲ್ಲ. ಇಪ್ಪತ್ತರಲ್ಲಿ ಹನ್ನೆರಡು. ಎರಡನೆಯ ಆಯ್ಕೆ ನೋಡುವ ಅಗತ್ಯವೇ ಬೀಳಲಿಲ್ಲ. ಎಲ್ಲರಿಗಿಂತ ಹೆಚ್ಚು ಬೆರಗಾದವನು ಗುಣಪಾಲ.

“ಅದು ಹೇಗೆ?” ಕುಶಲಕ್ಕ ಎದ್ದು ನಿಂತಳು. “ಮೂರಕ್ಕೆ ನಾನವನಿಗೆ ಕೊಟ್ಟದ್ದೇ ಒಂದು. ಅದೂ ಪಾಪ ಅಂತ. ಒಂದು, ಎರಡು, ಮೂರು ಅಂತ ಮಾತ್ರ ಹೇಳಿದ್ರಲ್ಲ, ಸೊನ್ನೆ ಇರ್ಲಿಲ್ಲ.”

ಎಡ್ವಿನ್ ಸರ್ ಚೀಟಿಗಳನ್ನು ಮತ್ತೆ ಒಂದೊಂದಾಗಿ ಬಿಚ್ಚಿ ನೋಡಿದರು. ಮಕ್ಕಳ ಮಾರ್ಕ್ಸ್ ಕಾರ್ಡನ್ನು ಪಂಚಾಂಗಕ್ಕಿಂತ ಹೆಚ್ಚು ನಂಬುವ ಊರು ಇದು. ಇಲ್ಲಿ ಅಂಕಿ ಎಂದರೆ ಅಂಕ, ಹೆಚ್ಚಾದಷ್ಟೂ ಒಳ್ಳೆಯದು. ಗುಣಪಾಲನನ್ನು ಕಂಡರಾಗದ ಹನ್ನೆರಡು ಮಂದಿ ಮೂರರಲ್ಲಿ ಒಂದು ಕೊಟ್ಟು ಅವನನ್ನು ಫೇಲು ಮಾಡಿದ್ದರು. ಅವನ ಕಡೆಯ ಏಳು ಮಂದಿ ಮೂರಕ್ಕೆ ಮೂರು ಕೊಟ್ಟು ಅವನನ್ನು ಕೊನೆಗೆ ತಳ್ಳಿದ್ದರು.

“ಟೀಚರ್, ನೀವಾದ್ರೂ?” ಎಂದರು ಸರ್.

ಶಹನಾಝ್ ಟೀಚರ್ ತಲೆಯ ಮೇಲಿನ ಶಾಲು ಸರಿಪಡಿಸಿಕೊಂಡರು. “ನನಗೆ ನಾನೇ ಮೂರಕ್ಕೆ ಮೂರು ಕೊಟ್ಟೆ ಸರ್. ಸ್ವಲ್ಪ ನಾಚಿಕೆ ಆಯ್ತು, ಆದ್ರೂ ಕೊಟ್ಟೆ.”

ಮನೆಗೊಂದೇ ಓಟು, ಹೆಂಡತಿ ಹಾಕಿರಲಿಲ್ಲ; ಪಕ್ಕದವರಿಗಾದರೂ ಹೇಳಿಕೊಡಬಹುದಿತ್ತಲ್ಲ ಎಂದು ಸರ್ ಅವರ ಕಡೆ ತಿರುಗಿದರು. ನರ್ಸಾಗಿ ನಿವೃತ್ತರಾದ ವೆರೋನಿಕಾರಿಗೆ ಗಂಡನ ಪಾಠ ನಲುವತ್ತು ವರ್ಷದಿಂದ ಕೇಳಿ ಬಾಯಿಪಾಠವಾಗಿರಬೇಕಿತ್ತು. ಅವರು ಕಣ್ಣು ತಪ್ಪಿಸಿ ನೈಚೋರಿನ ಪಾತ್ರೆ ನೋಡಿದರು.

“ನೀವು ಶುರು ಮಾಡಿದ ಕೂಡ್ಲೇ ನಾನು ಕಿವಿ ಮುಚ್ಚುದು. ಅದು ಅಭ್ಯಾಸ ಆಗಿ ಹೋಗಿದೆ,” ಎಂದರು.

ಕಟ್ಟಡದಲ್ಲಿ ಆಸ್ಟ್ರೇಲಿಯದ ಕ್ರಮದಂತೆ ಓಟು ಹಾಕಿದವರು ಒಬ್ಬರೇ ಒಬ್ಬರು. ಅವರು ಈಗ ಎದ್ದು, ಇನ್ನೊಮ್ಮೆ ಓಟು ಹಾಕುವ ಎಂದರು. ಸಭೆಯ ಮುಕ್ಕಾಲು ಪಾಲು ಆಗಲೇ ತಟ್ಟೆ ಹಿಡಿದು ಸಾಲಿನಲ್ಲಿತ್ತು. ತಕರಾರು ನಡೆಯದು ಎಂದು ಹೇಳಿದವರು ನೀವೇ ಅಲ್ಲವೇ ಎಂದು ರವೂಫ್ ನೆನಪಿಸಿದ. ಸೋತರೂ ಅವನ ಹಸಿವು ಸೋತಿರಲಿಲ್ಲ.

ಗುಣಪಾಲ ಸರ್ ಅವರನ್ನು ಕಂಬದ ಮರೆಗೆ ಕರೆದ. ಮುಖದಲ್ಲಿ ನಗುವಿರಲಿಲ್ಲ, ಅವನು ನಿಜ ಹೇಳುವಾಗ ನಗುವುದಿಲ್ಲ.

“ನಿಮ್ಮ ಹತ್ರ ಮುಚ್ಚಿಡುದು ಎಂತಕ್ಕೆ ಸರ್. ನಿನ್ನೆವರೆಗೆ ನಂಗೆ ಹೆದರಿಕೆ ಇತ್ತು. ಏಳು ಓಟಿನವ ಅಲ್ವಾ ನಾನು, ಹದಿಮೂರು ಮನೆಯವರ ಮುಖ ನೋಡ್ಬೇಕು. ಅದಕ್ಕೆ ಜನರೇಟರ್ ಹಿಂದಿನ ಗೋಡೆ ಹತ್ರವೇ ಇರ್ಲಿ ಅಂತ ಎಲೆಕ್ಟ್ರಿಷಿಯನಿಗೆ ಹೇಳಿಯೂ ಆಗಿತ್ತು. ಈಗ ಹನ್ನೆರಡು. ನೂರಕ್ಕೆ ಅರುವತ್ತು, ಫಸ್ಟ್ ಕ್ಲಾಸ್. ಇನ್ನು ಯಾರಿಗೆ ಹೆದರುದು ಹೇಳಿ?”

ಎಡ್ವಿನ್ ಸರ್ ತೆಂಗಿನಮರದ ಕಡೆ ನೋಡಿದರು. ಜೀವಮಾನದಲ್ಲಿ ಮೊದಲ ಬಾರಿಗೆ ಅವರು ಒಂದೇ ವಾಕ್ಯದ ಭಾಷಣ ಮಾಡಿದರು.

“ಎಲೆಕ್ಟ್ರಿಷಿಯನಿಗೆ ಹೇಳಿದ್ದು ಹಾಗೇ ಇರ್ಲಿ ಗುಣಪಾಲರೇ, ಇದೊಂದು ನನಗೋಸ್ಕರ.”

ಗುಣಪಾಲ ಅವರ ಹೆಗಲ ಮೇಲೆ ಪ್ರೀತಿಯಿಂದ ಕೈಯಿಟ್ಟ.

“ಆಗ್ಲಿಕ್ಕಿಲ್ಲ, ಸರ್.”