ಕಿವಿಗೆ ಒಂದು ಜೊತೆ

ನಮ್ಮ ಮನೆಗೆ ಯಾವ ಹೊಸ ಸಾಮಾನು ಬರುವುದಿದ್ದರೂ ಅದಕ್ಕಿಂತ ಮುಂಚೆ ಅದರ ಗಲಾಟೆ ಬಂದು ಜಗಲಿಯ ಮೇಲೆ ಕೂತಿರುತ್ತದೆ. ಮಿಕ್ಸಿ ತಂದಾಗ ಹೀಗಾಯಿತು, ವಾಷಿಂಗ್ ಮೆಷಿನ್ ತಂದಾಗಲೂ ಹೀಗೇ ಆಯಿತು. ಅವುಗಳ ಬಿಲ್ಲು, ವಾರಂಟಿ ಕಾರ್ಡು ಎಲ್ಲವನ್ನೂ ನಾನು ಫೈಲು ಮಾಡಿ ಇಟ್ಟಿದ್ದೇನೆ. ಗಲಾಟೆಗಳನ್ನು ಮಾತ್ರ ಎಲ್ಲೂ ಬರೆದಿರಲಿಲ್ಲ. ಈಚಿನದನ್ನಾದರೂ ಬರೆದಿಡೋಣ ಎನ್ನಿಸಿತು.

ಹೆಬ್ಬಗೋಡಿಯ ನಮ್ಮ ಕುಟುಂಬಕ್ಕೆ ಬಂದ ಮೊದಲ ಬಿ.ಎಸ್ಸಿ. ಸೊಸೆ ನಾನು. ಓದಿದ್ದು ರಸಾಯನಶಾಸ್ತ್ರವಾದರೂ ಆಸೆಯಿದ್ದದ್ದು ಕನ್ನಡದ ಮೇಲೆ. ಮೊಮ್ಮಕ್ಕಳಾದ ಮೇಲೆ ಆನ್‌ಲೈನಿನಲ್ಲಿ ಛಂದಸ್ಸಿನ ತರಗತಿಗೆ ಸೇರಿದೆ. ಪರೀಕ್ಷೆ ಪಾಸಾದರೆ ಸರ್ಟಿಫಿಕೇಟ್ ಕೊಡುತ್ತಾರೆ. ಬಿ.ಎಸ್ಸಿ. ಸರ್ಟಿಫಿಕೇಟಿನ ಪಕ್ಕ ಇನ್ನೊಂದು ಮೊಳೆಯನ್ನೂ ಹೊಡೆಸಿಟ್ಟಿದ್ದೆ. ಅಷ್ಟರಲ್ಲಿ ಧಾರವಾಡದಿಂದ ಪಾಠ ಹೇಳುವ ನಮ್ಮ ಮೇಷ್ಟ್ರು ಒಂದು ದಿನ ಎಲ್ಲರೆದುರಿಗೇ ಹೇಳಿದರು.

"ಅಕ್ಕಾರ, ನಾ ಆಡಿದ ಮಾತು ನಿಮ್ಮ ಫೋನಿನಿಂದ ತಿರುಗಿ ನನಗ ಕೇಳಸ್ತದ. ಅದರ ಮ್ಯಾಲೆ ನಿಮ್ಮ ಮನೀ ಕುಕ್ಕರ್ ಎಷ್ಟು ಸೀಟಿ ಹೊಡೀತು ಅನ್ನೂದೂ ಇಡೀ ಕ್ಲಾಸಿಗೆ ಗೊತ್ತಾಗ್ತದ. ಪರೀಕ್ಷಾ ದಿನ ಕಿವ್ಯಾಗ ಇಯರ್‌ಫೋನ್ ಇರಬೇಕು. ಇಲ್ಲಾಂದ್ರ ನಾ ಮಾರ್ಕ್ಸ್ ಹಾಕೂದಿಲ್ಲ."

ಪರೀಕ್ಷೆ ಮುಂದಿನ ಭಾನುವಾರ. ಕಿವಿಯೊಳಗೆ ಏನನ್ನಾದರೂ ಸಿಕ್ಕಿಸಿಕೊಳ್ಳುವುದು ನನಗೆ ಅದೇ ಮೊದಲು.

ಕಪ್ಪೋ ಕೆಂಪೋ

ನಮ್ಮ ಮನೆಗೂ ಮೈದುನನ ಮನೆಗೂ ನಡುವೆ ಇರುವುದು ಒಂದೇ ಕಾಂಪೌಂಡ್ ಗೋಡೆ. ಅಂಗಳದಲ್ಲಿ ನಿಂತು ಮಗಳಿಗೆ ಫೋನಿನಲ್ಲಿ ಹೇಳುತ್ತಿದ್ದೆ: "ಕಿವಿಗೆ ಒಂದು ಜೊತೆ ತಗೋಬೇಕು ಕಣೇ. ಹಗುರ ಇರಬೇಕು. ತುಂಬಾ ದುಡ್ಡಿನದ್ದು ಬೇಡ."

ಫೋನ್ ಇಡುವಷ್ಟರಲ್ಲಿ ವಾರಗಿತ್ತಿ ಗೋಡೆಯ ಹತ್ತಿರ ನಿಂತಿದ್ದಳು. ಮುಖ ಸ್ವಲ್ಪ ಊದಿತ್ತು.

"ಏನಕ್ಕಾ, ಕಿವಿಗೆ ತಗೋತಿದ್ದೀರಂತೆ. ನಂಗೊಂದು ಮಾತು ಹೇಳಲಿಲ್ಲ."

"ಅದರಲ್ಲಿ ಹೇಳೋಕೆ ಏನಿದೆಯೇ, ಸಣ್ಣದು."

"ಸಣ್ಣದಾದರೂ ಜೊತೆಗೆ ಹೋಗ್ತಿದ್ವಿ. ಬಿಳಿ ಕಲ್ಲಾ, ಕೆಂಪಾ?"

"ಕಪ್ಪು. ಬಿಳೀದು ಬೇಗ ಕೊಳೆಯಾಗುತ್ತಂತೆ."

"ಕಪ್ಪಾ?" ಅಂದಳು. "ಕಟ್ಟೋದು ಚಿನ್ನದಲ್ಲಿ ತಾನೆ?"

"ಚಿನ್ನ ಯಾಕೆ? ಕಿವಿಗೆ ತಾಗೋ ಕಡೆ ರಬ್ಬರ್ ಇರುತ್ತೆ."

ವಾರಗಿತ್ತಿ ಸರಸರ ಒಳಗೆ ಹೋದಳು. ಸಂಜೆ ಮೈದುನ ಬಂದು ನಮ್ಮ ಯಜಮಾನರನ್ನು ಗೇಟಿನ ಆಚೆ ಕರೆದುಕೊಂಡು ಹೋಗಿ, ತೀರಾ ತಗ್ಗಿದ ದನಿಯಲ್ಲಿ ಕೇಳಿದನಂತೆ: "ಅಣ್ಣ, ಕೈ ಏನಾದ್ರೂ ಬಿಗಿ ಇದ್ಯಾ? ನಂಗೆ ಹೇಳಬಾರದಾ? ಅತ್ತಿಗೆ ರಬ್ಬರ್ ಓಲೆ ಹಾಕ್ಕೊಳ್ಳೋ ಹಂಗಾಗೋಯ್ತಾ?"

ಡ್ರೈವರ್

ನಮ್ಮ ಮೇಲಿನ ಮನೆಯಲ್ಲಿ ಬಾಡಿಗೆಗಿರುವ ಹುಡುಗಿ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸ ಮಾಡುತ್ತಾಳೆ. ಅವಳ ಕಿವಿಯಲ್ಲಿ ಸದಾ ಇಯರ್‌ಫೋನ್ ಇರುತ್ತದೆ. ತಿಳಿದವರನ್ನು ಕೇಳದೆ ನಾನು ಯಾವುದನ್ನೂ ಕೊಳ್ಳುವವಳಲ್ಲ. ಮೆಟ್ಟಿಲ ಮೇಲೆ ಕೂತು ವಿಚಾರಿಸಿದೆ.

"ಆಂಟಿ, ಮೊದಲು ಡ್ರೈವರ್ ನೋಡಬೇಕು. ಡ್ರೈವರ್ ಸರಿ ಇಲ್ಲ ಅಂದ್ರೆ ಮಿಕ್ಕಿದ್ದೆಲ್ಲ ವೇಸ್ಟ್."

ಸದ್ದು ಹೊರಡಿಸುವ ಪುಟ್ಟ ಬಿಲ್ಲೆಗೇ ಡ್ರೈವರ್ ಎನ್ನುತ್ತಾರೆಂದು ಅವಳು ತನ್ನದನ್ನು ಬಿಚ್ಚಿ ತೋರಿಸಿ ವಿವರಿಸಿದಳು. ನನಗೆ ಬಹಳ ಕುತೂಹಲವಾಯಿತು. ಇರುವೆಗಳಿಗೆಂದು ಮಾಡಿದ ಚಹಾದ ಜರಡಿಯಂಥ ಜಾಲರಿ, ಅದರ ಹಿಂದೆ ಆ ಬಿಲ್ಲೆ.

"ಎಷ್ಟು ಡ್ರೈವರ್ ಬೇಕಾಗುತ್ತಮ್ಮ?" ಎಂದೆ.

"ನಿಮ್ಮ ಬಜೆಟ್‌ಗೆ ಒಂದೇ ಆಂಟಿ. ಒಳ್ಳೇದು ಒಂದಿದ್ರೆ ಸಾಕು."

"ಹಾಗಾದರೆ ಈ ಭಾನುವಾರದೊಳಗೆ ಒಂದು ಒಳ್ಳೇ ಡ್ರೈವರ್ ನೋಡಿಬಿಡೋಣ."

ಓವರ್‌ಹೆಡ್ ಟ್ಯಾಂಕ್ ನೋಡಲು ಮೇಲೆ ಹೋಗಿದ್ದ ಯಜಮಾನರು ಅದೇ ಹೊತ್ತಿಗೆ ನಮ್ಮ ಪಕ್ಕದಲ್ಲೇ ಇಳಿದು ಹೋದರು. ಊಟದ ಹೊತ್ತಿಗೆ ಸಾರು ಬಡಿಸುವಾಗ ಕೇಳಿದರು.

"ಗೇಟಿಗೆ ಒಂದ್ಸಲ ಕಾರು ಸವರಿದ್ದಕ್ಕೆ ಡ್ರೈವರ್ ಇಡ್ತೀಯಾ? ಬಾಡಿಗೆಯವರ ಹತ್ರ ಹೋಗಿ ಕೇಳೋ ಅಂಥದ್ದೇನಾಗಿತ್ತೇ? ನನ್ನ ಕಣ್ಣು ಇನ್ನೂ ಚೆನ್ನಾಗಿದೆ."

"ರೀ, ಅದು ಕಾರಿನ ಡ್ರೈವರ್ ಅಲ್ಲ, ಇಯರ್‌ಫೋನ್ ಡ್ರೈವರ್. ಹತ್ತು ಮಿಲಿಮೀಟರ್ ಇರುತ್ತೆ ಅಷ್ಟೇ."

ಅವರು ಮುದ್ದೆ ಮುರಿಯುತ್ತಾ ಸ್ವಲ್ಪ ಯೋಚಿಸಿದರು. "ಅಷ್ಟು ಗಿಡ್ಡ ಇರೋನಿಗೆ ಲೈಸೆನ್ಸ್ ಯಾರು ಕೊಟ್ರು?"

ಬೇಸ್

ಬಸ್ ಸ್ಟಾಪಿನ ಪಕ್ಕದ ಮೊಬೈಲ್ ಅಂಗಡಿಗೆ ಹೋದೆ. ಅಂಗಡಿಯವನು ಬಣ್ಣಬಣ್ಣದ ಡಬ್ಬಿಗಳನ್ನು ಗಾಜಿನ ಮೇಲೆ ಹರಡಿದ. ವೈರಿಲ್ಲದ್ದನ್ನು ತೋರಿಸಿದಾಗ ಬೇಡವೆಂದೆ. ಸಂಪಿನ ಪಕ್ಕ ಓಡಾಡುವವಳು ನಾನು, ಒಂದು ಕಿವಿಯದು ಜಾರಿದರೆ ನೇರ ನೀರಿಗೇ ಹೋಗುತ್ತದೆ. ಹಳೆಯ ಫೋನಾದ್ದರಿಂದ ವೈರು ಚುಚ್ಚುವ ತೂತೂ ಇತ್ತು.

"ಹಂಗಾದ್ರೆ ಇದು ತಗೊಳ್ಳಿ ಮೇಡಂ. ಬೇಸ್ ಸಕ್ಕತ್ತಾಗಿದೆ."

ನನಗೆ ತಿಳಿದ ಬೇಸು ಎರಡೇ. ಒಂದು ಲ್ಯಾಬಿನಲ್ಲಿ ಕೆಂಪು ಲಿಟ್ಮಸ್ ಕಾಗದವನ್ನು ನೀಲಿ ಮಾಡುವುದು, ಇನ್ನೊಂದು ಮೇಲೆ ಮೂರು ಫ್ಲೋರ್ ಎತ್ತುವ ಮುಂಚೆ ಮೇಸ್ತ್ರಿ ಹಾಕುವುದು. "ಈ ಬೇಸ್ ಏನು ಮಾಡುತ್ತೆ?" ಎಂದು ಕೇಳಿದೆ.

"ಡಬ್ ಡಬ್ ಅಂತ ಎದೆಗೆ ಹೊಡೆಯುತ್ತೆ ಮೇಡಂ."

"ಎದೆಗೆ ಹೊಡೆಯೋದು ಬೇಡಪ್ಪ. ಹೋದ ವರ್ಷ ತಾನೆ ಇಸಿಜಿ ಮಾಡಿಸಿದ್ದೀನಿ. ಮಾತು ಸ್ಪಷ್ಟವಾಗಿ ಕೇಳಿಸಿದರೆ ಸಾಕು. ಮೈಕ್ ಇರಲಿ."

ಹಾಕಿ ನೋಡುತ್ತೇನೆಂದರೆ ಒಪ್ಪಲಿಲ್ಲ. ಕಿವಿಗೆ ಹೋದದ್ದು ವಾಪಸ್ ಇಲ್ಲವಂತೆ. ಎಲ್ಲರೂ ಹಾಕಿ ನೋಡುವ ಒಂದು ಡೆಮೊ ಪೀಸು ಇದೆಯೆಂದು ಕೊಟ್ಟ. ಅದರ ಜಾಲರಿಯಲ್ಲಿ ಹೆಬ್ಬಗೋಡಿಯ ಅರ್ಧ ಜನರ ಕಿವಿಯ ಮೇಣವಿತ್ತು. ಹಾಗೇ ಕೆಳಗಿಟ್ಟೆ.

"ಮೇಡಂ, ಅಂಥದ್ದೇನು ಕೇಳ್ತೀರ ನೀವು? ಹೇಳಿದ್ರೆ ಅದಕ್ಕೆ ಸರಿಯಾದ್ದು ಕೊಡ್ತೀನಿ."

"ಛಂದಸ್ಸು," ಎಂದೆ.

ಅವನು ನೆನಪು ಮಾಡಿಕೊಳ್ಳುವಂತೆ ತಲೆ ಕೆರೆದುಕೊಂಡ. "ಯಾವಾಗ ರಿಲೀಸ್ ಆಯ್ತು ಮೇಡಂ? ಹೀರೋ ಯಾರು?"

ದೊಡ್ಡ ಬಾಗಿಲು

ಕೊನೆಗೆ ಕೊಂಡು ತಂದ ಡಬ್ಬಿಯಲ್ಲಿ ಸಣ್ಣ, ಮಧ್ಯಮ, ದೊಡ್ಡ ಅಳತೆಯ ರಬ್ಬರ್ ಟೋಪಿಗಳಿದ್ದವು. ಬಳೆ ತೊಡಿಸುವಾಗ ಅಳತೆ ನೋಡುವ ಹಾಗೆ ಒಂದೊಂದನ್ನೇ ಸಿಕ್ಕಿಸಿ ನೋಡಿದೆ. ಸರಿಯಾಗಿ ಕೂತದ್ದೇ ತಡ, ಫ್ಯಾನಿನ ಸದ್ದು, ಹೊಸೂರು ರಸ್ತೆಯ ಹಾರನ್ನು ಎಲ್ಲ ದೂರ ಹೋದವು. ಇದೊಳ್ಳೆ ಚೋದ್ಯವೆಂದು ಅದನ್ನು ಹಾಕಿಕೊಂಡೇ ಚಕ್ಕುಲಿ ಕಡಿದೆ. ಜೆಸಿಬಿ ತಂದು ಮನೆ ಕೆಡವಿದಂತೆ ಕೇಳಿಸಿತು. ಕಿವಿಯ ಬಾಯಿ ಮುಚ್ಚಿದಾಗ ಒಳಗಿನ ಸದ್ದು ಹೊರಗೆ ಹೋಗಲಾರದೆ ಹೀಗಾಗುತ್ತದೆ ಎಂದು ಯಜಮಾನರಿಗೆ ತಿಳಿಸಿದೆ.

ಇನ್ನೊಂದು ಸಂಗತಿಯೂ ಆ ದಿನವೇ ತಿಳಿದದ್ದು. ನನ್ನ ಬಲಗಿವಿಗೆ ಸಣ್ಣ ಟೋಪಿ, ಎಡಗಿವಿಗೆ ಮಧ್ಯಮ. ಎರಡೂ ಒಂದೇ ಅಳತೆಯಲ್ಲ.

"ಈಗ ಅರ್ಥವಾಯ್ತು," ಎಂದರು ಯಜಮಾನರು, ಪೇಪರಿನಿಂದ ತಲೆಯೆತ್ತದೆ. "ನಾನು ಹೇಳಿದ್ದೆಲ್ಲ ಈ ಕಿವೀಲಿ ಬಂದು ಆ ಕಿವೀಲಿ ಹೋಗೋದು ಇದಕ್ಕೇ. ಆ ಕಡೆ ಬಾಗಿಲು ದೊಡ್ಡದು."

ಗುರು, ಲಘು

ಭಾನುವಾರ ಬೆಳಿಗ್ಗೆ ಮುಂದಿನ ಕೋಣೆಯ ಕಿಟಕಿ ಪಕ್ಕ ಕೂತೆ. ಸಿಗ್ನಲ್ ಚೆನ್ನಾಗಿ ಸಿಗುವುದು ಅಲ್ಲೇ. ಕಿಟಕಿಯ ಆಚೆಗೇ ಸಂಪು. ಇಯರ್‌ಫೋನ್ ಸಿಕ್ಕಿಸಿದ ಮೇಲೆ ಮೇಷ್ಟ್ರ ದನಿ ಬಿಟ್ಟರೆ ಬೇರೇನೂ ಕೇಳಿಸುತ್ತಿರಲಿಲ್ಲ. ಕೊಟ್ಟ ದುಡ್ಡಿಗೆ ಮೋಸವಿಲ್ಲ ಎಂದುಕೊಂಡೆ.

ಪರೀಕ್ಷೆ ಸುಲಭವಾಗಿಯೇ ಇತ್ತು. ಮೇಷ್ಟ್ರು ಒಂದು ಸಾಲು ಹೇಳುತ್ತಾರೆ. ಅದರ ಒಂದೊಂದು ಅಕ್ಷರಕ್ಕೂ ನಾವು ದೀರ್ಘವಾಗಿದ್ದರೆ ಗುರು, ಹ್ರಸ್ವವಾಗಿದ್ದರೆ ಲಘು ಎನ್ನಬೇಕು. ಸೊನ್ನೆ ಇರುವುದೂ ಒತ್ತಕ್ಷರದ ಹಿಂದಿನದೂ ಗುರು.

"ಅಂಗಳದಲ್ಲಿ ಬಾವಿಯಿತ್ತು," ಎಂದರು ಮೇಷ್ಟ್ರು.

"ಗುರು. ಲಘು, ಲಘು. ಗುರು," ಎಂದು ಶುರುಮಾಡಿದೆ. ಕಿವಿ ಮುಚ್ಚಿದ್ದರಿಂದ ನನ್ನ ದನಿ ಎಷ್ಟು ಜೋರಾಗಿದೆಯೆಂದು ತಿಳಿಯಲಿಲ್ಲ. "ಲಘು. ಗುರು. ಲಘು. ಗುರು. ಲಘು."

"ನಿಲ್ರಿ ಅಕ್ಕಾರ," ಎಂದರು ಮೇಷ್ಟ್ರು. "ನಿಮ್ಮ ಬಾಜೂಕ ಯಾರೋ ಕೂತು ಹೇಳಿಕೊಡ್ಲಿಕ್ಕತ್ತಾರ."

"ಇಲ್ಲ ಸಾರ್, ಇಲ್ಲಿ ಯಾರೂ ಇಲ್ಲ."

"ಗಂಡಸರ ದನಿ ಕೇಳಸ್ತದ. ನೀವು ಗುರು ಅಂದಾಗೊಮ್ಮೆ ಅವರು ಹಾಂ ಅಂತಾರ. ಲಘು ಅಂದ್ರ ಸುಮ್ಮ ಇರ್ತಾರ. ಛಂದಸ್ಸು ಪಕ್ಕಾ ಗೊತ್ತಿದ್ದವರ ಅದಾರ. ಹಿಂಗಾದ್ರ ನಿಮ್ಮ ಪರೀಕ್ಷಾ ಇಲ್ಲಿಗೇ ಮುಗಿಸಬೇಕಾಗ್ತದ."

ಶಾಲೆಯಿಂದ ಕಾಲೇಜಿನವರೆಗೆ ಒಂದು ಸಲವೂ ಕಾಪಿ ಮಾಡಿದವಳಲ್ಲ ನಾನು. ಬಲಗಿವಿಯದನ್ನು ಕಿತ್ತು ಸುತ್ತ ನೋಡಿದೆ. ಕಿಟಕಿಯ ಸರಳು ಹಿಡಿದು ನೀರಿನ ಟ್ಯಾಂಕರಿನವನು ನಿಂತಿದ್ದ.

"ಅಲ್ಲಾ ಅಕ್ಕ, ಆವಾಗಿಂದ ಗುರು, ಗುರು ಅಂತ ಕರೀತಾನೇ ಇದೀರ. ನಾನೂ ಹಾಂ, ಹಾಂ ಅಂತಾನೇ ಇದೀನಿ. ಮುಂದಕ್ಕೆ ಏನೂ ಹೇಳ್ತಾ ಇಲ್ಲ. ಸಂಪು ತುಂಬ್ತು. ಮಿಕ್ಕಿದ ನೀರು ಎಲ್ಲಿಗೆ ಬಿಡ್ಲಿ?"

ಇಯರ್‌ಫೋನಿನ ಮೈಕು ಅಷ್ಟನ್ನೂ ಧಾರವಾಡಕ್ಕೆ ಮುಟ್ಟಿಸಿತು. ನಮ್ಮ ಬೆಂಗಳೂರಿನ ಕಡೆ ಹೆಸರು ಗೊತ್ತಿಲ್ಲದವರನ್ನೆಲ್ಲ ಗುರು ಅಂತಲೇ ಕರೆಯುತ್ತಾರೆಂದು ಮೇಷ್ಟ್ರಿಗೆ ನಾನು ತೊದಲುತ್ತಾ ವಿವರಿಸಿದೆ. ಫೋನಿನಲ್ಲಿ ನೋಡಿದರೆ ಮೇಷ್ಟ್ರು ನಗುತ್ತಾ ಕನ್ನಡಕ ತೆಗೆದು ಕಣ್ಣು ಒರೆಸಿಕೊಳ್ಳುತ್ತಿದ್ದರು.

"ಮೊದಲ ಆ ಗುರುವಿಗೆ ಒಂದು ಉತ್ತರ ಕೊಡ್ರಿ ಅಕ್ಕಾರ," ಎಂದರು. "ಆಮ್ಯಾಲೆ ಪರೀಕ್ಷಾ ಮುಂದುವರಸೂಣು. ಅವರು ಟ್ಯಾಂಕರ್ ತಗೊಂಡು ಹೋಗೂತನಕಾ ನಿಮಗ ಬರೇ ಲಘು ಇರೂ ಸಾಲೇ ಕೊಡ್ತೀನಿ."