ಹೋರ್ಡಿಂಗಿನ ಶರಾವತಿ

ನಿರಂಜನನ ಹೆಂಡತಿ ಶರಾವತಿ ತೀರಿಕೊಂಡು ಎರಡು ವರ್ಷವಾಗಿದ್ದರೂ ಅವಳ ನಗು ಮಾತ್ರ ಇನ್ನೂ ಶಿವಮೊಗ್ಗದಲ್ಲಿ ಸರ್ಕಾರಿ ಕೆಲಸದಲ್ಲಿತ್ತು. ಬಸ್ ನಿಲ್ದಾಣದ ಹತ್ತಿರದ ಹೋರ್ಡಿಂಗಿನಲ್ಲಿ ನೀರಿನ ಲೋಟ ಹಿಡಿದು, ಗಲ್ಲದ ಮೇಲೊಂದು ಹನಿ ಇಟ್ಟುಕೊಂಡು, 'ಕುದಿಸಿ ಆರಿಸಿದ ನೀರನ್ನೇ ಕುಡಿಯಿರಿ' ಅನ್ನುತ್ತ ನಿಂತಿದ್ದಳು. ಬದುಕಿದ್ದಾಗ ನಲ್ಲಿಗೇ ಬಾಯಿಡುತ್ತಿದ್ದ ಹೆಂಗಸು.

ಫೋಟೊ ತೆಗೆದವನು ನಿರಂಜನನೇ. ಭದ್ರಾವತಿಯಲ್ಲಿ ಅವನದೊಂದು ಸಣ್ಣ ಸ್ಟುಡಿಯೊ. ಹಿಂದೊಮ್ಮೆ ಆರೋಗ್ಯ ಇಲಾಖೆಯವರು ಕೇಳಿದರೆಂದು ಮಾರಿದ್ದ. ಮೊನ್ನೆ ಅವನ ಕಂಪ್ಯೂಟರ್ ಕೈಕೊಟ್ಟಿತು. ಊರವರ ಮದುವೆಗಳೆಲ್ಲ ಹೇಗೋ ಉಳಿದವು, ಹೆಂಡತಿ ಹೋದಳು. ಗೋಡೆಯ ಮೇಲಿನ ಬೇರೆ ಫೋಟೊಗಳಲ್ಲೆಲ್ಲ ಅವಳು ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಕೂತವಳ ಹಾಗೆ ಬಿಗಿದುಕೊಂಡಿದ್ದಳು. ನಕ್ಕಿದ್ದು ಅದೊಂದರಲ್ಲೇ. ಅದರದೊಂದು ಪ್ರತಿ ಸಿಕ್ಕಿದರೆ ಸಾಕೆಂದು ಶಿವಮೊಗ್ಗದ ಇಲಾಖೆ ಕಚೇರಿಗೆ ಹೊರಟ.

ಪಕ್ಕದ ಮನೆಯ ಚೌಡಯ್ಯ, ಕೋರ್ಟಿನಲ್ಲಿ ಜವಾನನಾಗಿ ನಿವೃತ್ತನಾದವನು, ಕರೆಯದೆಯೇ ಜೊತೆಗೆ ಬಸ್ ಹತ್ತಿದ. ಹೋರ್ಡಿಂಗಿನದೇ ಒಂದು ಫೋಟೊ ಹೊಡೆದುಕೊಂಡರಾಯಿತಲ್ಲ ಎಂದು ದಾರಿಯುದ್ದಕ್ಕೂ ಹೇಳಿದ. ಬಿಸಿಲಿಗೆ ಬಣ್ಣ ಹೋಗಿ, ಮುಖಕ್ಕೆ ಅಡ್ಡವಾಗಿ ಕರೆಂಟ್ ತಂತಿ ಹಾದ ಫ್ಲೆಕ್ಸಿನ ಫೋಟೊ ತೆಗೆಯಲು ನಿರಂಜನನ ಕಸುಬಿನ ಹೆಮ್ಮೆ ಒಪ್ಪಲಿಲ್ಲ.

ಕಚೇರಿಯಲ್ಲಿ ಗುಮಾಸ್ತ ರುದ್ರೇಶ್ ಹುಳಿ ಮಾವು ಕಚ್ಚಿದವನಂತೆ ಮುಖ ಮಾಡಿ, ಇಲಾಖೆ ಕೊಂಡ ಮೇಲೆ ಚಿತ್ರ ಇಲಾಖೆಯ ಸ್ವತ್ತು, ಹೊರಗಿನವರಿಗೆ ಕೊಡುವ ಹಾಗಿಲ್ಲ ಎಂದ.

"ಅವ್ಳು ನನ್ ಹೆಂಡ್ತಿ ಸಾರ್."

"ಹೆಂಡ್ತಿ ನಿಮ್ಮೋರೇ, ಯಾರು ಇಲ್ಲ ಅಂದ್ರು? ಫೋಟೊ ನಮ್ದು."

ನಿರಂಜನ ಇನ್ನೊಮ್ಮೆ ಕೈಮುಗಿದು ಕೇಳುವವನಿದ್ದ. ಚೌಡಯ್ಯ ಬಿಡಬೇಕಲ್ಲ. ಕೋರ್ಟಿನ ಬಾಗಿಲಲ್ಲಿ ನಿಂತು ಕೇಳಿಸಿಕೊಂಡ ಕಾನೂನೆಲ್ಲ ಒಲೆ ಮೇಲಿನ ಹಾಲಿನಂತೆ ಉಕ್ಕಿತು.

"ಹಕ್ಕು ಬರ್ದು ಕೊಟ್ಟಿದಾನಾ? ತೋರ್ಸಿ. ಬರವಣಿಗೆ ಇಲ್ದೆ ಕಾಪಿರೈಟ್ ಕೈ ಬದಲಾಗಲ್ಲ ಸ್ವಾಮಿ. ನಾಳೆನೇ ನೋಟಿಸ್ ಕೊಡ್ತೀವಿ."

ಆ 'ಕೊಡ್ತೀವಿ'ಯಲ್ಲಿ ತಾನೂ ಸೇರಿದ್ದೇನೆಂದು ತಿಳಿದು ನಿರಂಜನ ಚೌಡಯ್ಯನ ತೋಳು ಹಿಡಿದು ಎಳೆದ.

ಗದ್ದಲ ಕೇಳಿ ಅಧಿಕಾರಿ ದಿವ್ಯಶ್ರೀ ಇಬ್ಬರನ್ನೂ ಒಳಗೆ ಕರೆದರು. ಹುಡುಕಿಸಿ ನೋಡಿದರೆ ಹಕ್ಕು ಬರೆಸಿಕೊಂಡೇ ಇರಲಿಲ್ಲ. ಅವರ ಮುಖ ಸಣ್ಣದಾಯಿತು.

"ತಪ್ಪು ನಮ್ದೇ ನಿರಂಜನ್ ಅವ್ರೇ. ಫೋಟೊ ಹಕ್ಕು ಪೂರ್ತಿ ನಿಮ್ದು. ಕೇಸು ಗೀಸು ಬೇಡ."

ಕಾಫಿ ತರಲು ಹೇಳಿ, ಮೊಬೈಲ್ ಹಿಡಿದು ಹೊರಗೆ ಹೋದರು. ಸುಪ್ರೀಂ ಕೋರ್ಟಿನಲ್ಲಿ ಗೆದ್ದು ಬಂದವನ ಗತ್ತಿನಲ್ಲಿ ಚೌಡಯ್ಯ ಕಾಫಿ ಹೀರಿದ. ನಿರಂಜನ ಫೋಟೊಕ್ಕೆ ಜಾಗ ಹುಡುಕುತ್ತಿದ್ದ. ಅಡುಗೆಮನೆಯಲ್ಲಿ, ಒಲೆಯ ಎದುರಿಗೇ ಇರಲಿ. ಬೆಳಗ್ಗೆ ಒಬ್ಬನೇ ಕಾಫಿ ಕಾಸುವಾಗ, ಸಕ್ಕರೆ ಜಾಸ್ತಿಯಾಯಿತೆಂದು ಅವಳು ನಗುತ್ತಿರುವ ಹಾಗೆ ಕಾಣುತ್ತದೆ.

ಅಧಿಕಾರಿ ವಾಪಸ್ ಬಂದ ಕೂಡಲೇ ಪ್ರತಿ ಕೇಳಿದ.

"ನಮ್ಮಲ್ಲೆಲ್ಲಿದೆ? ಹಳೇ ಕಂಪ್ಯೂಟರ್ ಜೊತೆ ಅದೂ ಹೋಯ್ತು. ನಿಮ್ಮಿಂದ್ಲೇ ಇನ್ನೊಂದು ಇಸ್ಕೊಳ್ಳೋಣ ಅಂತಿದ್ವಿ."

ನಿರಂಜನನ ಹೆಮ್ಮೆ ಅಲ್ಲೇ ಇಳಿಯಿತು. ಬಣ್ಣ ಹೋಗಿದ್ದರೆ ಹೋಗಲಿ, ತಂತಿ ಇದ್ದರೆ ಇರಲಿ ಎಂದುಕೊಂಡು ಚೌಡಯ್ಯನೊಂದಿಗೆ ಆಟೊ ಹಿಡಿದು, ಮೊಬೈಲಿನ ಕ್ಯಾಮೆರಾ ತೆರೆದುಕೊಂಡೇ ಬಸ್ ನಿಲ್ದಾಣದ ಬಳಿ ಇಳಿದ.

ಹೋರ್ಡಿಂಗಿನಲ್ಲಿ ಬರೀ ಕಬ್ಬಿಣದ ಚೌಕಟ್ಟು, ಅದರ ತುಂಬ ಆಕಾಶ. ಕೆಳಗೆ ಒಬ್ಬ ಹಗ್ಗ ಸುತ್ತುತ್ತಿದ್ದ.

"ಈಗ್ತಾನೆ ಮೇಡಂ ಫೋನ್ ಮಾಡಿ ಇಳ್ಸಿ ಅಂದ್ರು. ಫೋಟೊದಲ್ಲಿರೋ ಅಮ್ಮನ ಗಂಡನೇ ತಕರಾರು ತೆಗ್ದನಂತೆ. ಎಂಥೆಂಥ ಜನ ಇರ್ತಾರೆ ನೋಡಿ ಸಾರ್."

"ಫ್ಲೆಕ್ಸ್ ಎಲ್ಲಪ್ಪಾ?"

"ಈರುಳ್ಳಿ ಲಾರಿಯೋರು ಹೊದಿಸೋಕೆ ಕೇಳಿದ್ರು, ಕೊಟ್ವಿ. ಲಾರಿ ಆಗ್ಲೇ ಹೊರಟೋಯ್ತು."

ಭದ್ರಾವತಿ ಬಸ್ಸಿನಲ್ಲಿ ಕೂತ ಮೇಲೆ ಚೌಡಯ್ಯ ಮೆಲ್ಲಗೆ, "ಏನೇ ಆಗ್ಲಿ, ಹಕ್ಕು ನಿಂದೇ ಮಾರಾಯ" ಎಂದ.

ನಿರಂಜನ ಕಿಟಕಿಯಿಂದ ಕತ್ತು ಹೊರಗೆ ಚಾಚಿ, ಎದುರಿಗೆ ಬಂದ ಒಂದೊಂದು ಲಾರಿಯ ನೆತ್ತಿಯನ್ನೂ ನೋಡುತ್ತಿದ್ದ.