ಒಂದು ಟನ್ನಿನ ಗೆರೆ

ಹಿಂಭಾಗ ಖಾಲಿ ಇರುವ ಪಿಕಪ್ ಕಂಡರೆ ನಮ್ಮ ರಾಯಬಾಗ ಸೀಮೆಯ ಜನಕ್ಕೆ ಕೈ ಸುಮ್ಮನಿರುವುದಿಲ್ಲ. ಹೀಗಾಗಿ ಎಂಬತ್ತರ ದಶಕದ ಕೊನೆಗೆ ನಾನು ಪಿಕಪ್ ಕೊಂಡ ದಿನದಿಂದ ಹೇರುವುದರ ಜಗಳ ನಡೆಯುತ್ತಲೇ ಬಂತು. ಗಾಡಿಯ ಜೊತೆ ಬಂದ ಇಂಗ್ಲಿಷ್ ಪುಸ್ತಕವನ್ನು ನಮ್ಮೂರು ದಿಗ್ಗೇವಾಡಿಯಲ್ಲಿ ಪೂರ್ತಿ ಓದಿದವನು ನಾನೊಬ್ಬನೇ. ಒಂದು ಟನ್ ಎಂದು ಬರೆದಿತ್ತು. ಒಂದು ಟನ್ ಎಂದರೆ ಒಂದೇ ಟನ್. ಅಷ್ಟು ಭಾರ ತೂಗಿ ಹೇರಿ, ಹಿಂದಿನ ಟೈರಿನ ನೆತ್ತಿಗೆ ಸರಿಯಾಗಿ ಬಾಡಿಯ ಮೇಲೆ ಬಿಳಿ ಗೆರೆ ಎಳೆದೆ. ಗಾಡಿ ಕುಸಿದು ಗೆರೆ ಟೈರಿಗೆ ಸಮ ಬಂತೋ, ಹೇರುವುದು ಬಂದ್.

ದೊಡ್ಡಪ್ಪನ ಮಗ, ನನಗೆ ಅಣ್ಣ, ನಕ್ಕ. ಅವನದೂ ಅಂಥದೇ ಪಿಕಪ್. ಅದರಲ್ಲಿ ಒಮ್ಮೆ ಎತ್ತಿನ ಚಕ್ಕಡಿಯನ್ನೇ ಹೇರಿದ್ದ, ಚಕ್ಕಡಿಯೊಳಗಿನ ಮೇವಿನ ಸಮೇತ.

“ಪುಸ್ತಕಾ ಓದಿ ಗಾಡಿ ಹೊಡ್ಯಾಂವ ನೀನೊಬ್ಬನ ನೋಡು ತಮ್ಮಾ. ಕಬ್ಬಿನ ಹಂಗಾಮ ಮುಗಿಯೂದ್ರಾಗ ಆ ಗೆರಿ ನೀನ ಅಳಸ್ತಿ.”

“ಅಳಿಸಿದ್ರ ಊರ ಮುಂದ ಅಳಸ್ತೀನಿ. ಇಲ್ಲಾಂದ್ರ ನಿನ್ನ ಗಾಡಿಗೂ ನೀನ ಗೆರಿ ಎಳೀಬೇಕು.”

ಚಹಾದಂಗಡಿಯ ಮುಂದೆ ಎಲ್ಲರೆದುರು ಪಣ ಆಯಿತು.

೧. ಮಂದಿ ಮಾಲಲ್ಲ

ನಿಪ್ಪಾಣಿಗೆ ತಂಬಾಕಿನ ಚೀಲ ಹೊರಟಿದ್ದವು. ಗೆರೆ ಟೈರಿಗಿಂತ ಕೂದಲೆಳೆಯಷ್ಟು ಮೇಲಿತ್ತು. ಹಗ್ಗ ಬಿಗಿದು ತಿರುಗುವಷ್ಟರಲ್ಲಿ ಚೀಲಗಳ ಮೇಲೆ ಐವರು ಗಂಡಸರು, ಒಬ್ಬ ಅಜ್ಜಿ.

“ಇಳೀರಿ,” ಎಂದೆ.

“ಮಂದಿ ಮಾಲಲ್ಲೋ ತಮ್ಮಾ,” ಎಂದ ಅಣ್ಣ, ಕಟ್ಟೆಯ ಮೇಲಿಂದ. “ಮಂದೀನ ಯಾರರ ತೂಗ್ತಾರೇನು?”

“ನಾ ತೂಗ್ತೀನಿ.”

ಐವರೂ ಇಳಿದರು. ಅಜ್ಜಿ ಇಳಿಯಲಿಲ್ಲ. “ದವಾಖಾನಿಗೆ ಹೊಂಟೇನಿ. ಬೇಕಾರ ನೀ ಇಳಿ!”

ನ್ಯಾಯವಾದ ಮಾತು. ಅಜ್ಜಿಯನ್ನು ಮುಂದೆ ನನ್ನ ಸೀಟಿನಲ್ಲಿ ಕೂಡಿಸಿ, ಆ ದಿನ ಗಾಡಿ ಹೊಡೆಯುತ್ತಿದ್ದ ಡ್ರೈವರನ ಜೊತೆ ಕಳಿಸಿ, ನಾನು ಬಸ್ಸು ಹಿಡಿದೆ. ಒಂದೇ ಕಾಲೂರಿ ಬಾಗಿಲಿಗೆ ಜೋತುಬಿದ್ದಿದ್ದ ನನ್ನನ್ನು ನೋಡಿ ಕಂಡಕ್ಟರ್ ಅಂದ: “ಸಾಹೇಬ್ರ, ಆ ಇನ್ನೊಂದು ಕಾಲ ಮುಂದಿನ ಬಸ್ಸಿಗೆ ತರಿಸ್ಕೊಳ್ರಿ.”

೨. ಏರಿದ ಗೆರೆ

ದ್ರಾಕ್ಷಿ ತೋಟಕ್ಕೆ ಕಲ್ಲಿನ ಕಂಬ ಹೇರಿಸುತ್ತಿದ್ದೆ. ಅಣ್ಣ ಬಂದು, “ನೀ ನಾಷ್ಟಾ ಮಾಡಿ ಬಾ, ನಾ ನಿಂತು ಹೇರಸ್ತೀನಿ,” ಎಂದ. ಅಷ್ಟು ಪ್ರೀತಿ ಕಂಡಾಗಲೇ ನಾನು ಎಚ್ಚರವಾಗಬೇಕಿತ್ತು.

ಬಂದು ನೋಡಿದರೆ ಸೈಲೆನ್ಸರ್ ನೆಲ ಮುಟ್ಟುತ್ತಿದೆ. ಗೆರೆ ಮಾತ್ರ ಟೈರಿಗಿಂತ ನಾಲ್ಕು ಬೆರಳು ಮೇಲೆ!

“ನೋಡು, ನಿನ್ನ ಗೆರೀನ ಇನ್ನೂ ಹೇರು ಅನ್ನಾಕತ್ತೈತಿ!”

ಟೇಪು ಸದಾ ನನ್ನ ಜೇಬಿನಲ್ಲಿರುತ್ತದೆ. ಅಳೆದೆ. ಗೆರೆಯೇ ಇದ್ದ ಜಾಗದಿಂದ ಒಂದು ಗೇಣು ಮೇಲೇರಿತ್ತು.

“ಕೈ ತೋರ್ಸು.”

ಮೊಣಕೈತನಕ ಬೆಳ್ಳಗೆ. “ಎಲಿ ಅಡಿಕಿ ಸುಣ್ಣಾ ತಮ್ಮಾ.”

“ಮೊಣಕೈಲೆ ಎಲಿ ತಿಂತೀಯೇನು?”

ಹೆಚ್ಚಿನ ಕಂಬಗಳನ್ನು ಅವನ ಕೈಯಿಂದಲೇ ಇಳಿಸಿದೆ. ಗೆರೆಯನ್ನೂ.

೩. ಆಕಾಶದಲ್ಲಿ ಅಣ್ಣ

ಹಂಗಾಮಿನ ಕೊನೆಯ ವಾರ. ಬೇಡಕಿಹಾಳದ ಬೀಗರಿಗೆ ಅಣ್ಣ ಕಬ್ಬರೆಯುವ ಕಬ್ಬಿಣದ ಗಾಣ ಒಯ್ಯಬೇಕಿತ್ತು. “ಬಿಚ್ಚಿ ಎರಡು ಭಾಗ ಮಾಡು, ಅರ್ಧಾ ನಾ ಒಯ್ತೀನಿ,” ಎಂದೆ. ಕೇಳಲಿಲ್ಲ. ಇಡೀ ಗಾಣ ತನ್ನ ಪಿಕಪ್ಪಿಗೇ ಹೇರಿದ; ಅದು ಹಿಂಬಾಗಿಲಾಚೆ ಚಾಚಿಕೊಂಡಿತು. ಮುಂದಿನ ಚಕ್ರ ನೆಲ ಬಿಟ್ಟವು. ಗಾಣ ಇಳಿಸುವ ಬದಲು ಅವನು ಏಳು ಜನರನ್ನು ಬಾನೆಟ್ಟಿನ ಮೇಲೆ ಕೂಡಿಸಿದ. ಚಕ್ರ ನೆಲಕ್ಕೆ ಬಂದವು, ರಸ್ತೆ ಕಾಣದಾಯಿತು. ಏಳೂ ಜನ “ಎಡಕ್ಕ! ಬಲಕ್ಕ! ಎಮ್ಮಿ, ಎಮ್ಮಿ!” ಎಂದು ಕೂಗುತ್ತ ಬೇಡಕಿಹಾಳ ಮುಟ್ಟಿಸಿದರು. ನಾನು ಹಿಂದೆ ಖಾಲಿ ಗಾಡಿ ಹೊಡೆದುಕೊಂಡು ಹೋದೆ.

ಬೀಗರು ಬಾಗಿಲಿಗೆ ಬಂದು, “ಚಹಾ ಆಗೇತಿ, ಬರ್ರಿ,” ಎಂದರು. ಏಳೂ ಜನ ಒಮ್ಮೆಲೇ ಜಿಗಿದರು.

ಗಾಣ ನೆಲಕ್ಕೆ ಕೂತಿತು. ಗಾಡಿಯ ಮೂತಿ ಮೇಲೆದ್ದಿತು. ಅಣ್ಣ ಸ್ಟೇರಿಂಗ್ ಹಿಡಿದು ಆಕಾಶ ನೋಡುತ್ತಿದ್ದ.

ನಾನು ಅವಸರ ಮಾಡದೆ ಒಂದು ಸುತ್ತು ಹಾಕಿದೆ. “ಗೆರಿ?”

“ಎಳೀತೀನಿ!”

“ಎಲ್ಲಿ?”

“ಪುಸ್ತಕದಾಗ ಎಲ್ಲಿ ಹೇಳೇತಿ ಅಲ್ಲೇ!”

“ಮಂದಿ ಮಾಲಲ್ಲ ಅಂದಿದ್ದಿ?”

ಬೀಗರ ಓಣಿಗೆಲ್ಲ ಕೇಳುವಂತೆ ಮೇಲಿನಿಂದ ದನಿ ಬಂತು: “ಮಾಲೋ ತಮ್ಮಾ, ಶುದ್ಧ ಮಾಲ! ಏಳೂ ನಗ ಮಾಲ ಜಲ್ದಿ ಬಾನೆಟ್ಟಿನ ಮ್ಯಾಲ ಹೇರಸು!”